ನಳ್ಳಿ ಮೀಟರ್ ಇರುವುದು ಬಿಲ್ ಏರಿಸಲು ಮಾತ್ರವೇ? ನಿಜ ಏನು?

"ನಳ್ಳಿಗೆ ಮೀಟರ್ ಹಾಕುವುದು ದುಡ್ಡು ವಸೂಲಿಗೆ ಮಾತ್ರ." ಇಂಥ ಮಾತು ನೀವೂ ಕೇಳಿರಬಹುದು. ಇದು ಅರ್ಧ ಸತ್ಯ. ಬಿಲ್ ಲೆಕ್ಕಕ್ಕೆ ಮೀಟರ್ ಬೇಕು, ನಿಜ. ಆದರೆ ಕಳೆದುಹೋಗುವ ನೀರನ್ನು ಹಿಡಿಯಲೂ ಅದೇ ಬೇಕು.

ಬಾರ್ಕೂರನ್ನೇ ನೋಡಿ. ಪಕ್ಕದಲ್ಲೇ ಸೀತಾನದಿ, ಮಳೆಗಾಲದಲ್ಲಿ ಧಾರಾಳ ಮಳೆ. ಆದರೂ ಕರಾವಳಿಯಲ್ಲಿ ಏಪ್ರಿಲ್-ಮೇ ಬಂತೆಂದರೆ ಬಾವಿಗಳು ಇಳಿಯುತ್ತವೆ, ಉಬ್ಬರದ ಜತೆ ಉಪ್ಪುನೀರು ನದಿಗಳೊಳಗೆ ಏರುತ್ತದೆ. ಆಗ ಟ್ಯಾಂಕ್‌ನ ಪ್ರತಿ ಲೀಟರೂ ಮುಖ್ಯ.

ಲೆಕ್ಕ ಹೇಗೆ?

ಒಂದು ಉದಾಹರಣೆ. ಟ್ಯಾಂಕ್‌ನಿಂದ ದಿನಕ್ಕೆ 1,00,000 ಲೀಟರ್ ಹೊರಟಿತು. ಮನೆಗಳ ಮೀಟರ್‌ಗಳ ಮೊತ್ತ 70,000. ಉಳಿದ 30,000 ಲೀಟರ್ ಸೋರಿಕೆ, ಕಳ್ಳ ಸಂಪರ್ಕ ಅಥವಾ ಕೆಟ್ಟ ಮೀಟರ್‌ನಲ್ಲಿ ಹೋಯಿತು. ಜಲ ಜೀವನ್ ಮಿಷನ್‌ನ ಗುರಿ ಒಬ್ಬರಿಗೆ ದಿನಕ್ಕೆ 55 ಲೀಟರ್. ಅಂದರೆ ಸುಮಾರು 545 ಜನರ ನೀರು!

ಇದನ್ನು ಮನೆ ಮೀಟರ್ ಒಂದೇ ಹೇಳುವುದಿಲ್ಲ. ಟ್ಯಾಂಕ್ ಮಟ್ಟ, ಪಂಪ್‌ನ ವಿದ್ಯುತ್, ಉಪ್ಪಿನಂಶದ ಪರೀಕ್ಷೆ, ಜನರ ದೂರು ಎಲ್ಲವನ್ನೂ ಒಟ್ಟಿಗೆ ನೋಡಬೇಕು. ರಾತ್ರಿ 2ರಿಂದ 4 ಗಂಟೆಗೆ ಊರು ಮಲಗಿದ್ದರೂ ಪೈಪ್‌ನಲ್ಲಿ ನೀರು ಜೋರಾಗಿ ಹರಿಯುತ್ತಿದ್ದರೆ ಸೋರಿಕೆಯ ಅನುಮಾನ. ಕರೆಂಟ್ ಅಷ್ಟೇ ಖರ್ಚಾಗಿ ನೀರು ಕಡಿಮೆ ಬಂದರೆ ಪಂಪ್ ಸವೆದಿರಬಹುದು. ಉಬ್ಬರದ ಹೊತ್ತಿಗೆ ಉಪ್ಪಿನಂಶ ಏರುವುದು ಕಂಡರೆ ಪಂಪ್ ಮಾಡುವ ಸಮಯ ಬದಲಿಸಬಹುದು.

ಆರೋಗ್ಯಕ್ಕೂ ಸಂಬಂಧವಿದೆ

ಪೈಪ್ ಖಾಲಿಯಾದಾಗ ಬಿರುಕಿನಿಂದ ಹೊರಗಿನ ಕೊಳಕು ಒಳಗೆ ಸೇರಬಹುದು. ಹುಬ್ಬಳ್ಳಿ-ಧಾರವಾಡದ ಕೆಲವು ವಾರ್ಡ್‌ಗಳಲ್ಲಿ ಮನೆ ಮೀಟರ್ ಸಹಿತ 24 ಗಂಟೆ ನೀರು ಪೂರೈಕೆ ಶುರುವಾಗಿತ್ತು. ಅಲ್ಲಿನ ನಳ್ಳಿ ನೀರಿನಲ್ಲಿ, ಆಗಾಗ ಬಿಡುವ ನೀರಿಗಿಂತ ಮಾಲಿನ್ಯ ಕಡಿಮೆ ಎಂದು 2013ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು.

ಹಾಗಾದರೆ ಮೀಟರ್ ಹಾಕಿದರೆ ಸಾಕೇ?

ಸಾಲದು. ಸೋರಿಕೆ ಗೊತ್ತಾಗಿಯೂ ಯಾರೂ ಪೈಪ್ ಅಗೆಯದಿದ್ದರೆ ಅಂಕಿಗಳು ಕಡತದಲ್ಲೇ ಉಳಿಯುತ್ತವೆ. ದರ ಎಷ್ಟು ಎಂಬುದು ಬೇರೆಯೇ ನಿರ್ಧಾರ. ಅದನ್ನು ಪ್ರಶ್ನಿಸುವ ಹಕ್ಕು ನಿಮಗಿದೆ.

ಮುಂದಿನ ಗ್ರಾಮಸಭೆಯಲ್ಲಿ ಇದನ್ನೂ ಕೇಳಿ: ಕಳೆದ ತಿಂಗಳು ಟ್ಯಾಂಕ್‌ನಿಂದ ಹೊರಟ ನೀರೆಷ್ಟು, ಮನೆಗಳಿಗೆ ತಲುಪಿದ್ದೆಷ್ಟು? ಉತ್ತರ ಸಿಕ್ಕರೆ, ಫಾರ್ವರ್ಡ್ ಮಾಡಲು ಅದೇ ಒಳ್ಳೆಯ ಸಂದೇಶ.