ಪರೀಕ್ಷೆ ವಿಶ್ವವಿದ್ಯಾಲಯಕ್ಕೆ, ಫೇಲಾಗುವವರು ನಮ್ಮ ಮಕ್ಕಳು

ಡೇರಿಗೆ ಹಾಲು ಹಾಕುವವರಿಗೆ ಈ ಸಂಕಟ ಗೊತ್ತಿರುತ್ತದೆ. ಊರಿನ ಐವತ್ತು ಮನೆಯವರು ಹಾಲು ತಂದು ಸುರಿಯುತ್ತಾರೆ. ಯಾರೋ ಒಬ್ಬರು ನೀರು ಬೆರೆಸಿರುತ್ತಾರೆ. ಮೇಲಿನವರು ಸ್ಯಾಂಪಲ್ ನೋಡಿ ‘ಈ ಹಾಲು ಬೇಡ’ ಎಂದರೆ ವಾಪಸ್ ಬರುವುದು ಇಡೀ ಕ್ಯಾನು. ನೀರು ಬೆರೆಸದವರ ಹಾಲೂ ಅದರಲ್ಲೇ ಇರುತ್ತದೆ.

ವಿದೇಶಕ್ಕೆ ಓದಲು ಹೋಗುವ ಮಕ್ಕಳ ಪಾಡೂ ಈಗ ಹೀಗೇ ಆಗಿದೆ. ಹೇಗೆ ಅಂತ ಅರ್ಥವಾಗಬೇಕಾದರೆ ಬ್ರಿಟನ್ನಿನ ಉದಾಹರಣೆ ನೋಡಬೇಕು. 2023ರ ಜೂನ್‌ಗೆ ಮುಗಿದ ಒಂದೇ ವರ್ಷದಲ್ಲಿ ಆ ದೇಶ ಭಾರತೀಯರಿಗೆ ಸುಮಾರು 1.42 ಲಕ್ಷ ವಿದ್ಯಾರ್ಥಿ ವೀಸಾ ಕೊಟ್ಟಿತ್ತು. ಅದರಲ್ಲಿ ಬೆಂಗಳೂರಿನ ಮಕ್ಕಳಷ್ಟೇ ಇರಲಿಲ್ಲ. ನಮ್ಮ ತಾಲ್ಲೂಕುಗಳಿಂದ ಹೋದವರೂ ಇದ್ದರು.

ನಮ್ಮಲ್ಲಿ ಬಹಳ ಜನ ಅಂದುಕೊಂಡಿರುವುದು ಹೀಗೆ: ವಿಶ್ವವಿದ್ಯಾಲಯ ಸೀಟು ಕೊಡುತ್ತದೆ, ಸರ್ಕಾರ ವೀಸಾ ಕೊಡುತ್ತದೆ, ಅಲ್ಲಿಗೆ ಮುಗಿಯಿತು. ಹಾಗಲ್ಲ. ಬ್ರಿಟನ್ನಿನಲ್ಲಿ ವಿದೇಶಿ ವಿದ್ಯಾರ್ಥಿಯನ್ನು ಕರೆಸಿಕೊಳ್ಳಲು ವಿಶ್ವವಿದ್ಯಾಲಯಕ್ಕೆ ಅಲ್ಲಿನ ಗೃಹ ಇಲಾಖೆಯ ಲೈಸೆನ್ಸ್ ಬೇಕು. ಅದಕ್ಕೆ ಸ್ಪಾನ್ಸರ್ ಲೈಸೆನ್ಸ್ ಎನ್ನುತ್ತಾರೆ. ಲೈಸೆನ್ಸ್ ಇರುವ ವಿಶ್ವವಿದ್ಯಾಲಯ ಪ್ರತಿ ವಿದ್ಯಾರ್ಥಿಗೂ ‘ಕ್ಯಾಸ್’ ಎಂಬ ಒಂದು ದೃಢೀಕರಣ ಸಂಖ್ಯೆ ಕೊಡುತ್ತದೆ. ಆ ಸಂಖ್ಯೆ ಇಲ್ಲದೆ ವೀಸಾ ಅರ್ಜಿಯೇ ಹಾಕಲಾಗದು. ಸರಳವಾಗಿ ಹೇಳಬೇಕೆಂದರೆ, ‘ಈ ಹುಡುಗಿಗೆ ನಾವು ಜಾಮೀನು’ ಎಂದು ವಿಶ್ವವಿದ್ಯಾಲಯ ಸರ್ಕಾರಕ್ಕೆ ಬರೆದುಕೊಟ್ಟಂತೆ.

ಈ ಜಾಮೀನುದಾರರಿಗೆ ಪ್ರತಿ ವರ್ಷ ಪರೀಕ್ಷೆ ಇರುತ್ತದೆ. ಅದರಲ್ಲಿ ಮೂರು ಲೆಕ್ಕ. 2025ರ ಮೇ ತಿಂಗಳಲ್ಲಿ ಇದ್ದ ಮಿತಿ ಹೀಗಿತ್ತು: ಒಂದು, ಇವರು ಕ್ಯಾಸ್ ಕೊಟ್ಟವರಲ್ಲಿ ವೀಸಾ ತಿರಸ್ಕಾರವಾದವರು ನೂರಕ್ಕೆ 10ಕ್ಕಿಂತ ಕಡಿಮೆ ಇರಬೇಕಿತ್ತು. ಎರಡು, ವೀಸಾ ಸಿಕ್ಕವರಲ್ಲಿ ನೂರಕ್ಕೆ 90 ಮಂದಿಯಾದರೂ ಬಂದು ದಾಖಲಾಗಬೇಕಿತ್ತು. ಮೂರು, ನೂರಕ್ಕೆ 85 ಮಂದಿಯಾದರೂ ಕೋರ್ಸ್ ಮುಗಿಸಬೇಕಿತ್ತು. ಅದೇ ತಿಂಗಳಲ್ಲಿ ಅಲ್ಲಿನ ಸರ್ಕಾರ ಇದನ್ನು ಇನ್ನೂ ಬಿಗಿ ಮಾಡುವುದಾಗಿ ಘೋಷಿಸಿತು. ತಿರಸ್ಕಾರ 5ಕ್ಕಿಂತ ಕಡಿಮೆ, ದಾಖಲಾತಿ 95, ಕೋರ್ಸ್ ಮುಗಿಸುವವರು 90. ಜೊತೆಗೆ ವಿಶ್ವವಿದ್ಯಾಲಯಗಳಿಗೆ ಟ್ರಾಫಿಕ್ ಸಿಗ್ನಲ್ ತರಹ ಕೆಂಪು, ಹಳದಿ, ಹಸಿರು ಗುರುತು.

ಇಷ್ಟೇ ಅಲ್ಲ. ಅಧಿಕಾರಿಗಳು ತಪಾಸಣೆಗೆ ಬಂದರೆ ಪಾಸ್‌ಪೋರ್ಟ್ ಪ್ರತಿ, ವಿಳಾಸ, ಫೋನ್ ನಂಬರ್, ಹಾಜರಾತಿ ಎಲ್ಲವೂ ಫೈಲಿನಲ್ಲಿ ಇರಬೇಕು. ವಿದ್ಯಾರ್ಥಿ ಬಂದು ಸೇರದಿದ್ದರೆ, ಓದು ಬಿಟ್ಟರೆ 10 ಕೆಲಸದ ದಿನಗಳೊಳಗೆ ಗೃಹ ಇಲಾಖೆಗೆ ವರದಿ ಹೋಗಬೇಕು. ಅದಕ್ಕೇ ಅಲ್ಲಿ ಕಾರ್ಡ್ ಉಜ್ಜುವುದು, ಆ್ಯಪ್‌ನಲ್ಲಿ ಹಾಜರಿ ಹಾಕುವುದು, ಅಸಲಿ ತಪಾಸಣೆಗೆ ಮುಂಚೆ ತಾವೇ ಅಣಕು ತಪಾಸಣೆ ನಡೆಸಿಕೊಳ್ಳುವುದು ಎಲ್ಲಾ ಮಾಮೂಲಾಗಿದೆ.

ತಪಾಸಣೆಯೇ ತಪ್ಪು ಎಂದು ನಾನು ಹೇಳುವುದಿಲ್ಲ. ಒಂದು ಕೋಣೆ, ನಾಲ್ಕು ಬೆಂಚು ಇಟ್ಟುಕೊಂಡು ‘ಕಾಲೇಜು’ ಎಂದು ಬೋರ್ಡ್ ಹಾಕಿ ವೀಸಾ ಮಾರುತ್ತಿದ್ದ ಅಂಗಡಿಗಳು ಲಂಡನ್ನಿನಲ್ಲೇ ಇದ್ದವು. 2010ರ ನಂತರದ ಕೆಲವೇ ವರ್ಷಗಳಲ್ಲಿ 900ಕ್ಕೂ ಹೆಚ್ಚು ಕಾಲೇಜುಗಳು ವಿದೇಶಿ ವಿದ್ಯಾರ್ಥಿಗಳನ್ನು ಕರೆಸುವ ಹಕ್ಕು ಕಳೆದುಕೊಂಡವು ಎಂದು ಅಲ್ಲಿನ ಸರ್ಕಾರವೇ ಹೇಳಿದೆ. ಅಂಥ ಅಂಗಡಿಗಳಿಗೆ ದುಡ್ಡು ಸುರಿದು ಮೋಸ ಹೋದವರಲ್ಲಿ ನಮ್ಮ ದೇಶದ ಮಕ್ಕಳೂ ಇದ್ದರು. ತಪಾಸಣೆ ಬೇಕು. ನನ್ನ ತಕರಾರು ಬೇರೆ: ಪರೀಕ್ಷೆ ವಿಶ್ವವಿದ್ಯಾಲಯಕ್ಕೆ, ಶಿಕ್ಷೆ ಮಾತ್ರ ವಿದ್ಯಾರ್ಥಿಗೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ.

2012ರ ಆಗಸ್ಟ್‌ನಲ್ಲಿ ಲಂಡನ್ ಮೆಟ್ರೋಪಾಲಿಟನ್ ವಿಶ್ವವಿದ್ಯಾಲಯದ ಲೈಸೆನ್ಸ್ ರದ್ದಾಯಿತು. ತಪಾಸಣೆಗೆ ಎತ್ತಿಕೊಂಡ 101 ವಿದ್ಯಾರ್ಥಿಗಳಲ್ಲಿ ಕಾಲು ಭಾಗಕ್ಕೂ ಹೆಚ್ಚು ಮಂದಿಗೆ ಆ ದೇಶದಲ್ಲಿ ಇರಲು ಅನುಮತಿ ಇರಲಿಲ್ಲ, 250 ದಾಖಲೆಗಳಲ್ಲಿ 142ರಲ್ಲಿ ಹಾಜರಾತಿಯ ಲೆಕ್ಕ ಸರಿ ಇರಲಿಲ್ಲ ಎಂದು ಸರ್ಕಾರ ಹೇಳಿತು. ವಿಶ್ವವಿದ್ಯಾಲಯ ಇದನ್ನು ಒಪ್ಪಲಿಲ್ಲ, ಕೋರ್ಟಿಗೆ ಹೋಯಿತು. ಅವರಿಬ್ಬರ ಜಗಳದ ನಡುವೆ ಎರಡು ಸಾವಿರಕ್ಕೂ ಹೆಚ್ಚು ವಿದೇಶಿ ವಿದ್ಯಾರ್ಥಿಗಳು ಬೀದಿಗೆ ಬಿದ್ದರು. ದಾಖಲೆ ಸರಿ ಇದ್ದವರು, ದಿನಾ ಕ್ಲಾಸಿಗೆ ಹೋಗುತ್ತಿದ್ದವರು, ಪೂರ್ತಿ ಫೀಸ್ ಕಟ್ಟಿದವರು ಎಲ್ಲರಿಗೂ ಒಂದೇ ಮಾತು: 60 ದಿನದಲ್ಲಿ ಬೇರೆ ವಿಶ್ವವಿದ್ಯಾಲಯ ಹುಡುಕಿಕೊಳ್ಳಿ, ಇಲ್ಲವೇ ದೇಶ ಬಿಡಿ. ಕೊನೆಗೆ ಹೈಕೋರ್ಟ್ ಮಧ್ಯೆ ಬಂದು, ಅಸಲಿ ವಿದ್ಯಾರ್ಥಿಗಳು ಆ ವರ್ಷ ಅಲ್ಲೇ ಓದು ಮುಂದುವರಿಸಲು ದಾರಿ ಮಾಡಿಕೊಟ್ಟಿತು. 2013ರಲ್ಲಿ ವಿಶ್ವವಿದ್ಯಾಲಯಕ್ಕೆ ಲೈಸೆನ್ಸ್ ವಾಪಸ್ ಸಿಕ್ಕಿತು. ಆ ವಾರಗಳಲ್ಲಿ ಆ ಮಕ್ಕಳ ಮನೆಗಳಲ್ಲಿ ಎಷ್ಟು ಜನ ನಿದ್ದೆ ಇಲ್ಲದೆ ಕೂತಿದ್ದರೋ, ಅದನ್ನು ಯಾವ ತಪಾಸಣೆಯೂ ಲೆಕ್ಕ ಹಾಕಲಿಲ್ಲ.

ಅದು ಹಳೆಯ ಕಥೆ ಎನ್ನಬೇಡಿ. ನೈಜೀರಿಯಾದ ನಾಣ್ಯ ನೈರಾ 2023ರಲ್ಲಿ ಕುಸಿಯಿತು. ಅಲ್ಲಿಂದ ಬ್ರಿಟನ್ನಿನ ಟೀಸೈಡ್ ವಿಶ್ವವಿದ್ಯಾಲಯಕ್ಕೆ ಓದಲು ಬಂದಿದ್ದವರ ಉಳಿತಾಯವೆಲ್ಲ ಕರಗಿತು. ಕೆಲವರು ಕಂತು ಕಟ್ಟಲಾಗದೆ ಹಿಂದೆ ಬಿದ್ದರು. ವಿಶ್ವವಿದ್ಯಾಲಯ ಅವರನ್ನು ಕೋರ್ಸಿನಿಂದ ತೆಗೆದು ಗೃಹ ಇಲಾಖೆಗೆ ವರದಿ ಮಾಡಿತು. ದೇಶ ಬಿಟ್ಟು ಹೋಗಿ ಎಂಬ ಪತ್ರ ಬಂತು. ಇದು 2024ರ ಮೇ ತಿಂಗಳಲ್ಲಿ ದೊಡ್ಡ ಸುದ್ದಿಯಾಯಿತು. ವೀಸಾ ನಿಯಮ ಹಾಗಿದೆ, ನಮಗೆ ಬೇರೆ ದಾರಿ ಇರಲಿಲ್ಲ ಎಂದು ವಿಶ್ವವಿದ್ಯಾಲಯ ಹೇಳಿತು. ಸ್ಪಾನ್ಸರ್ ಮಾಡುವುದು ಬಿಡುವುದು ವಿಶ್ವವಿದ್ಯಾಲಯದ ನಿರ್ಧಾರ ಎಂದು ಗೃಹ ಇಲಾಖೆ ಹೇಳಿತು. ಇವರು ಅವರ ಕಡೆ ಕೈ ತೋರಿಸಿದರು, ಅವರು ಇವರ ಕಡೆ. ನಡುವೆ ನಿಂತ ವಿದ್ಯಾರ್ಥಿ ಯಾರನ್ನು ಕೇಳಬೇಕು?

ಲೈಸೆನ್ಸ್ ಹೋಗುವುದಕ್ಕೆ ವಿಶ್ವವಿದ್ಯಾಲಯಗಳು ಯಾಕೆ ಇಷ್ಟು ಹೆದರುತ್ತವೆ? ದುಡ್ಡಿಗಾಗಿ. ಇಂಗ್ಲೆಂಡಿನಲ್ಲಿ ಸ್ಥಳೀಯ ಪದವಿ ವಿದ್ಯಾರ್ಥಿಗಳ ಫೀಸಿಗೆ ಸರ್ಕಾರದ ಮಿತಿ ಇದೆ. 2017ರಿಂದ 2025ರವರೆಗೆ ಅದು ವರ್ಷಕ್ಕೆ 9,250 ಪೌಂಡಿನಲ್ಲೇ ನಿಂತಿತ್ತು. ಖರ್ಚು ಮಾತ್ರ ಏರುತ್ತಲೇ ಹೋಯಿತು. ವಿದೇಶಿ ವಿದ್ಯಾರ್ಥಿಗಳ ಫೀಸಿಗೆ ಅಂಥ ಮಿತಿ ಇಲ್ಲ. ಹಾಗಾಗಿ ಹಲವು ವಿಶ್ವವಿದ್ಯಾಲಯಗಳ ಒಲೆ ಉರಿಯುವುದೇ ನಮ್ಮಂಥವರ ಮಕ್ಕಳ ಫೀಸಿನಿಂದ. ನಾವು ಬೇಕು, ಆದರೆ ನಮ್ಮಿಂದ ಶೇಕಡಾವಾರು ಕೆಡಬಾರದು.

ಇಲ್ಲೇ ಹಳ್ಳಿಯವರಿಗೆ ಪೆಟ್ಟು ಬೀಳುವುದು. ಒಂದು ವಿಶ್ವವಿದ್ಯಾಲಯದಿಂದ ಕ್ಯಾಸ್ ಪಡೆದ 1,000 ಮಂದಿ ವೀಸಾಗೆ ಅರ್ಜಿ ಹಾಕಿದರು ಎನ್ನಿ. ಹಳೆಯ ಲೆಕ್ಕದಲ್ಲಿ 100 ಅರ್ಜಿ ತಿರಸ್ಕಾರವಾದರೆ ಲೈಸೆನ್ಸಿಗೆ ಕುತ್ತು. ಹೊಸ ಲೆಕ್ಕದಲ್ಲಿ 50 ಸಾಕು. 200 ಮಂದಿಯ ಸಣ್ಣ ಸಂಸ್ಥೆಗೆ 10 ಸಾಕು. ಆಗ ಪ್ರವೇಶ ವಿಭಾಗದಲ್ಲಿ ಕೂತವರು ಏನು ಮಾಡುತ್ತಾರೆ? ಪ್ರತಿ ಅರ್ಜಿಯನ್ನೂ ಕೂತು ತೂಗುವ ಬದಲು, ‘ರಿಸ್ಕ್’ ಅನ್ನಿಸಿದ ಊರು, ರಾಜ್ಯ, ದೇಶವನ್ನೇ ಪಕ್ಕಕ್ಕಿಡುತ್ತಾರೆ. ಇದು ಊಹೆಯ ಮಾತಲ್ಲ. 2023ರಲ್ಲಿ ಆಸ್ಟ್ರೇಲಿಯಾದ ಕೆಲವು ವಿಶ್ವವಿದ್ಯಾಲಯಗಳು ಪಂಜಾಬ್, ಹರಿಯಾಣ ಸೇರಿದಂತೆ ನಮ್ಮ ದೇಶದ ಕೆಲವು ರಾಜ್ಯಗಳ ಅರ್ಜಿಗಳಿಗೆ ತಡೆ ಹಾಕಿದ್ದವು. ಅಲ್ಲೂ ಕಾರಣ ಇಂಥದ್ದೇ ಲೆಕ್ಕ.

ಕಾಗದದ ಮೇಲೆ ರೈತನ ಮಗ ಯಾವಾಗಲೂ ರಿಸ್ಕಿನವನಾಗೇ ಕಾಣುತ್ತಾನೆ. ಸಂಬಳದಾರರ ಮನೆಯಲ್ಲಿ ಪ್ರತಿ ತಿಂಗಳ ಪೇ ಸ್ಲಿಪ್ ಇರುತ್ತದೆ, ತೆರಿಗೆ ರಿಟರ್ನ್ಸ್ ಇರುತ್ತದೆ. ನಮ್ಮಲ್ಲಿ ಕೃಷಿ ಆದಾಯಕ್ಕೆ ತೆರಿಗೆ ಇಲ್ಲ, ಹಾಗಾಗಿ ಎಷ್ಟೋ ಮನೆಗಳಲ್ಲಿ ರಿಟರ್ನ್ಸೂ ಇಲ್ಲ. ಅಡಿಕೆಯೋ ರೇಷ್ಮೆಯೋ ಮಾರಿದ ದುಡ್ಡು ವರ್ಷಕ್ಕೆ ಒಂದೆರಡು ಸಲ ಒಟ್ಟಿಗೆ ಬರುತ್ತದೆ. ಪಹಣಿ ಇನ್ನೂ ತಾತನ ಹೆಸರಿನಲ್ಲೇ ಇರುತ್ತದೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇನಿಷಿಯಲ್, ಆಧಾರ್‌ನಲ್ಲಿ ಅಪ್ಪನ ಹೆಸರು, ಪಾಸ್‌ಪೋರ್ಟಿನಲ್ಲಿ ಇನ್ನೊಂದು ಸ್ಪೆಲಿಂಗ್. ಇದರಲ್ಲಿ ಮೋಸ ಏನೂ ಇಲ್ಲ, ನಮ್ಮ ಬದುಕು ಇರುವುದೇ ಹೀಗೆ. ಆದರೆ ಸಾವಿರಾರು ಮೈಲಿ ದೂರದ ಕಂಪ್ಯೂಟರಿನ ಮುಂದೆ ಕೂತವರಿಗೆ ಇದೆಲ್ಲ ಅನುಮಾನದ ಸರಕು.

ಸಾಲದ ಕಥೆಯೂ ಹಾಗೇ. ವೀಸಾಗೆ ಬೇಕಾದ ಹಣ ಸತತ 28 ದಿನ ಖಾತೆಯಲ್ಲಿ ಇರಬೇಕು, ಇಲ್ಲವೇ ಬ್ಯಾಂಕಿನ ಶಿಕ್ಷಣ ಸಾಲದ ಪತ್ರ ಬೇಕು. 7.5 ಲಕ್ಷಕ್ಕಿಂತ ಹೆಚ್ಚಿನ ಶಿಕ್ಷಣ ಸಾಲಕ್ಕೆ ಬ್ಯಾಂಕುಗಳು ಸಾಮಾನ್ಯವಾಗಿ ಆಸ್ತಿ ಅಡಮಾನ ಕೇಳುತ್ತವೆ. ಕೃಷಿ ಜಮೀನನ್ನು ಅಡಮಾನಕ್ಕೆ ಒಪ್ಪದ ಬ್ಯಾಂಕುಗಳೇ ಹೆಚ್ಚು. ಆಗ ಉಳಿಯುವುದು ಕೈಸಾಲ, ಒಡವೆ, ಇಲ್ಲವೇ ಜಮೀನು ಮಾರಾಟ. ಹೀಗೆ ಹೊಂದಿಸಿದ ದುಡ್ಡಿನಲ್ಲಿ ಹೋದ ಮಗಳ ವಿಶ್ವವಿದ್ಯಾಲಯಕ್ಕೆ ನಾಳೆ ಕೆಂಪು ಗುರುತು ಬಿದ್ದರೆ ಏನು ಗತಿ? ಮಾರಿದ ಜಮೀನು 60 ದಿನದಲ್ಲಿ ವಾಪಸ್ ಬರುವುದಿಲ್ಲ.

ಹಾಗಾದರೆ ಏನಾಗಬೇಕು?

ಮೊದಲನೆಯದು, ಲೈಸೆನ್ಸ್ ಹೋದರೆ ಈಗಾಗಲೇ ಸೇರಿರುವ ಅಸಲಿ ವಿದ್ಯಾರ್ಥಿಗಳಿಗೆ ಕೋರ್ಸ್ ಮುಗಿಸಲು ಬಿಡಬೇಕು, ಇಲ್ಲವೇ ಪೂರ್ತಿ ಹಣ ವಾಪಸ್ ಕೊಡಬೇಕು. 2012ರಲ್ಲಿ ಕೋರ್ಟ್ ಮಧ್ಯೆ ಬಂದಿದ್ದರಿಂದ ಸಿಕ್ಕ ರಕ್ಷಣೆ ನಿಯಮದಲ್ಲೇ ಇರಬೇಕು. ಪ್ರತಿ ಸಲ ಕೋರ್ಟಿಗೆ ಹೋಗಲು ಯಾರಿಂದ ಆಗುತ್ತದೆ?

ಎರಡನೆಯದು, ತಪಾಸಣೆಯಲ್ಲಿ ವಿದ್ಯಾರ್ಥಿಯ ಕಷ್ಟಕ್ಕೂ ಒಂದು ಕಾಲಂ ಇರಲಿ. ವೀಸಾ ತಿರಸ್ಕಾರವಾದವರ ಮುಂಗಡ ಹಣ ಎಷ್ಟು ದಿನದಲ್ಲಿ ವಾಪಸ್ ಕೊಟ್ಟಿರಿ? ಫೀಸ್ ತಡವಾದವರಿಗೆ ಎಷ್ಟು ಸಮಯ ಕೊಟ್ಟಿರಿ? ಏಜೆಂಟರಿಗೆ ಎಷ್ಟು ಕಮಿಷನ್ ಕೊಟ್ಟಿರಿ? ಗುರುತು ಕೊಡುವುದಾದರೆ ಇದನ್ನೂ ನೋಡಿ ಕೊಡಲಿ.

ಮೂರನೆಯದು ನಮ್ಮ ಕಡೆಯದು. ಹೊರದೇಶದ ಕೆಲಸಕ್ಕೆ ಜನ ಕಳಿಸುವ ಏಜೆಂಟರು 1983ರ ವಲಸೆ ಕಾಯ್ದೆಯಡಿ ನೋಂದಣಿ ಮಾಡಿಸಬೇಕು. ಓದಲು ಕಳಿಸುವ ಏಜೆಂಟರು ಆ ಕಾಯ್ದೆಯ ಹೊರಗೇ ಇದ್ದಾರೆ. ಪಂಜಾಬ್ ಸರ್ಕಾರ 2012ರಲ್ಲೇ ಕಾನೂನು ತಂದು ಇಂಥ ಕಚೇರಿಗಳಿಗೂ ಲೈಸೆನ್ಸ್ ಕಡ್ಡಾಯ ಮಾಡಿತು. ಅಲ್ಲಿ ಮೋಸ ನಿಂತೇ ಹೋಯಿತು ಎನ್ನಲಾಗದು, ಆದರೆ ದೂರು ಕೊಡಲು ಒಂದು ಬಾಗಿಲಾದರೂ ಇದೆ. ಕರ್ನಾಟಕದಲ್ಲೂ ಅಂಥ ಬಿಗಿ ಬೇಕು. ಜಿಲ್ಲಾ ಕೇಂದ್ರದಲ್ಲಿ ಬಣ್ಣದ ಬೋರ್ಡ್ ಹಾಕಿದ ಕನ್ಸಲ್ಟೆನ್ಸಿಯಲ್ಲಿ ಲಕ್ಷಗಟ್ಟಲೆ ಕಟ್ಟುವ ರೈತನಿಗೆ, ಆ ಅಂಗಡಿಗೆ ವಿಶ್ವವಿದ್ಯಾಲಯದಿಂದಲೂ ದುಡ್ಡು ಬರುತ್ತದೆ ಎಂಬುದು ಗೊತ್ತಿರಬೇಕು.

ಇವೆಲ್ಲ ಆಗುವವರೆಗೆ ನಾವೇ ಹುಷಾರಾಗಿರಬೇಕು. ಮನೆಯಲ್ಲಿ ಯಾರಾದರೂ ಹೊರಡುವವರಿದ್ದರೆ ಒಟ್ಟಿಗೆ ಕೂತು ಇಷ್ಟು ನೋಡಿ:

ವಿಶ್ವವಿದ್ಯಾಲಯದ ಹೆಸರು ಬ್ರಿಟನ್ ಸರ್ಕಾರದ ಲೈಸೆನ್ಸ್ ಪಟ್ಟಿಯಲ್ಲಿ ಇದೆಯೇ? ಆ ಪಟ್ಟಿ ಸರ್ಕಾರದ ವೆಬ್‌ಸೈಟಿನಲ್ಲಿ ಪುಕ್ಕಟೆ ಸಿಗುತ್ತದೆ. ಏಜೆಂಟ್ ಹೇಳಿದ್ದನ್ನು ನಂಬದೆ ನೀವೇ ನೋಡಿ.

ವೀಸಾ ಸಿಗದಿದ್ದರೆ ಮುಂಗಡ ಹಣ ಎಷ್ಟು ವಾಪಸ್, ಎಷ್ಟು ದಿನದಲ್ಲಿ? ಬಾಯಿಮಾತು ಬೇಡ, ವಿಶ್ವವಿದ್ಯಾಲಯದಿಂದಲೇ ಬರಹದಲ್ಲಿ ತರಿಸಿಕೊಳ್ಳಿ.

ಎಲ್ಲ ದಾಖಲೆಗಳಲ್ಲಿ ಹೆಸರು ಒಂದೇ ತರಹ ಇದೆಯೇ? ಇಲ್ಲದಿದ್ದರೆ ಅರ್ಜಿಗೆ ಮುಂಚೆಯೇ ಸರಿಪಡಿಸಿ.

ಸುಳ್ಳು ದಾಖಲೆ ಕೊಡುವುದು ಮಾತ್ರ ಬೇಡವೇ ಬೇಡ. ‘ಎಲ್ಲರೂ ಮಾಡ್ತಾರೆ’ ಎಂದು ಏಜೆಂಟ್ ಹೇಳಬಹುದು. ಸಿಕ್ಕಿಬಿದ್ದರೆ 10 ವರ್ಷ ಬ್ರಿಟನ್ ಬಾಗಿಲು ಮುಚ್ಚಬಹುದು. ಸಿಕ್ಕಿಬೀಳುವವರು ನಿಮ್ಮ ಮಗ, ಏಜೆಂಟ್ ಅಲ್ಲ.

ಅಲ್ಲಿಗೆ ಹೋದ ಮೇಲೆ ಮನೆ ಬದಲಿಸಿದರೆ, ಹುಷಾರು ತಪ್ಪಿದರೆ, ಕಂತು ತಡವಾಗುವ ಹಾಗಿದ್ದರೆ ಮೊದಲೇ ಇಮೇಲ್ ಮಾಡಿ ತಿಳಿಸಬೇಕು. ಮುಜುಗರ ಪಟ್ಟು ಸುಮ್ಮನಿರುವ ನಮ್ಮ ಅಭ್ಯಾಸ ಅಲ್ಲಿ ಬಹಳ ದುಬಾರಿ. ಸುಮ್ಮನಿದ್ದವರನ್ನು ಆ ಫೈಲು ‘ಕಾಣೆಯಾದವರು’ ಎಂದು ಬರೆದುಕೊಳ್ಳುತ್ತದೆ.

ಡೇರಿಯಲ್ಲಿ ಈಗ ಎಷ್ಟೋ ಕಡೆ ಪ್ರತಿ ಮನೆಯ ಹಾಲನ್ನೂ ಬೇರೆಬೇರೆಯಾಗಿ ಪರೀಕ್ಷೆ ಮಾಡುತ್ತಾರೆ. ನೀರು ಬೆರೆಸಿದವರ ಹಾಲು ಮಾತ್ರ ವಾಪಸ್ ಹೋಗುತ್ತದೆ. ಒಂದು ಹಳ್ಳಿಯ ಹಾಲಿನ ಸೊಸೈಟಿಗೆ ಸಾಧ್ಯವಾದದ್ದು ಕೋಟಿಗಟ್ಟಲೆ ಫೀಸ್ ಪಡೆಯುವ ವಿಶ್ವವಿದ್ಯಾಲಯಗಳಿಗೆ, ಅವುಗಳನ್ನು ತಪಾಸಣೆ ಮಾಡುವ ಸರ್ಕಾರಕ್ಕೆ ಯಾಕೆ ಸಾಧ್ಯವಿಲ್ಲ?