ಒಡೆಯನಿಗಿಲ್ಲದ ದೇಶವ್ರತ

ಶ್ರಾವಕನ ಹನ್ನೆರಡು ವ್ರತಗಳನ್ನು ಬಾಲ್ಯದಲ್ಲಿಯೇ ಬಾಯಿಪಾಠ ಮಾಡಿದವರು ನಮ್ಮಲ್ಲಿ ಇನ್ನೂ ಅನೇಕರಿದ್ದಾರೆ. ಅವುಗಳಲ್ಲಿ ಐದು ಅಣುವ್ರತಗಳ ಕುರಿತು ಪ್ರವಚನಗಳು ನಡೆಯುತ್ತಲೇ ಇರುತ್ತವೆ. ಆದರೆ ದಿಗ್ವ್ರತ, ದೇಶವ್ರತಗಳ ಹೆಸರೆತ್ತಿದೊಡನೆ ‘ಅದೆಲ್ಲ ಎತ್ತಿನ ಗಾಡಿಯ ಕಾಲದ ಮಾತು’ ಎಂಬ ಮುಗುಳ್ನಗೆ ಎದುರಾಗುತ್ತದೆ. ಇಂತಿಂಥ ದಿಕ್ಕಿನಲ್ಲಿ ಇಂತಿಷ್ಟು ದೂರವನ್ನು ಮೀರಿ ಹೋಗೆನು ಎಂದು ಬದುಕಿರುವವರೆಗೆ ಎಲ್ಲೆ ಹಾಕಿಕೊಳ್ಳುವುದು ದಿಗ್ವ್ರತ. ಆ ಎಲ್ಲೆಯೊಳಗೆ ದಿನ, ಪಕ್ಷ, ಮಾಸಗಳ ಮಟ್ಟಿಗೆ ಇನ್ನೂ ಕಿರಿದಾದ ಎಲ್ಲೆಯನ್ನು ಗೊತ್ತುಮಾಡಿಕೊಳ್ಳುವುದು ದೇಶವ್ರತ. ಈ ಎರಡು ವ್ರತಗಳಷ್ಟು ಇಂದಿನ ವ್ಯಾಪಾರಕ್ಕೆ ಹೊಂದುವ ಉಪದೇಶ ಮತ್ತೊಂದಿಲ್ಲವೆಂಬುದೇ ನನ್ನ ವಾದ.

ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡಗಳ ಮಕ್ಕಳು ಇಂದು ಬೆಂಗಳೂರಿನಲ್ಲಿ ಓದಿ ಅಲ್ಲಿಯೇ ಸ್ವಂತ ಕಂಪನಿ ತೆರೆಯುತ್ತಿದ್ದಾರೆ. ಸ್ಟಾರ್ಟಪ್ ಎಂಬ ಮಾತು ಈಗ ಕಡಲೆಕಾಯಿ ಮಂಡಿಯಲ್ಲಿಯೂ ಕೇಳಿಬರುತ್ತದೆ. ಸಂತೋಷವೇ. ಆದರೆ ಅದರ ಬೆನ್ನಿಗೇ ಇನ್ನೊಂದು ಆದರ್ಶವೂ ಬಂದು ಕುಳಿತಿದೆ: ಕಂಪನಿ ಬೆಂಗಳೂರಿನಲ್ಲಿ, ಒಡೆಯ ಊರೂರು ಸುತ್ತುತ್ತ ಹೊರದೇಶದಲ್ಲಿ. ಒಂದು ತಿಂಗಳು ಬಾಲಿ, ಮುಂದಿನ ತಿಂಗಳು ಲಿಸ್ಬನ್, ಚಳಿಗಾಲಕ್ಕೆ ದುಬೈ. ಲ್ಯಾಪ್‌ಟಾಪೊಂದೇ ಕಚೇರಿ. ಇಂಥವರನ್ನು ದೇಶಗಳೇ ಕರೆಯುತ್ತಿವೆ. 2020ರಲ್ಲಿ ಎಸ್ಟೋನಿಯ ಮತ್ತು ದುಬೈ, 2024ರಲ್ಲಿ ಥಾಯ್ಲೆಂಡ್ ಇದಕ್ಕೆಂದೇ ಪ್ರತ್ಯೇಕ ವೀಸಾ ಏರ್ಪಡಿಸಿದವು. ಇಂಥ ಯುವಕ ಮಹಾವೀರ ಜಯಂತಿಗೆ ಊರಿಗೆ ಬಂದರೆ ನಾವು ಶಾಲು ಹೊದೆಸಿ, ‘ಜಗತ್ತನ್ನು ಸುತ್ತುತ್ತಲೇ ಉದ್ಯಮ ನಡೆಸುವ ಧೀಮಂತ’ ಎಂದು ಧ್ವನಿವರ್ಧಕದಲ್ಲಿ ಸಾರುತ್ತೇವೆ. ಆ ಉದ್ಯಮವನ್ನು ನಿಜವಾಗಿ ನಡೆಸುತ್ತಿರುವವರು ಯಾರೆಂದು ಕೇಳುವುದಿಲ್ಲ.

ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಉಮಾಸ್ವಾಮಿಗಳು ದೇಶವ್ರತಕ್ಕೆ ಐದು ಅತಿಚಾರಗಳನ್ನು ಹೇಳಿದ್ದಾರೆ. ಎಲ್ಲೆಯಾಚೆಯಿಂದ ವಸ್ತುವನ್ನು ತರಿಸುವುದು ಆನಯನ. ತಾನು ಹೋಗದೆ ಆಳನ್ನು ಕಳುಹಿಸಿ ಕೆಲಸ ಸಾಧಿಸುವುದು ಪ್ರೇಷ್ಯಪ್ರಯೋಗ. ಎಲ್ಲೆಯೊಳಗೆ ನಿಂತು ಕೂಗಿ ಆಚೆಯವನಿಂದ ಕೆಲಸ ತೆಗೆಯುವುದು ಶಬ್ದಾನುಪಾತ. ಕೂಗದೆ ರೂಪವನ್ನು ತೋರಿಸಿ ಸನ್ನೆ ಮಾಡುವುದು ರೂಪಾನುಪಾತ. ಕೊನೆಯದು ಪುದ್ಗಲಕ್ಷೇಪ, ಎಂದರೆ ಹೆಂಟೆಯನ್ನೋ ಕಲ್ಲನ್ನೋ ಎಸೆದು ಆಚೆಯವನ ಗಮನ ಸೆಳೆಯುವುದು. ದೂರವಾಣಿಯ ಕರೆ ಶಬ್ದಾನುಪಾತವಲ್ಲವೆ? ವಿಡಿಯೋ ಸಭೆ ರೂಪಾನುಪಾತವಲ್ಲವೆ? ಮಲಗಿದವನ ದಿಂಬಿನ ಪಕ್ಕದಲ್ಲಿ ನಡುರಾತ್ರಿ ಕಿಣಿಗುಡುವ ಸಂದೇಶ ಕಲ್ಲೆಸೆತವಲ್ಲದೆ ಇನ್ನೇನು?

ವ್ರತವನ್ನೇ ಹಿಡಿಯದವನಿಗೆ ಅತಿಚಾರವೆಲ್ಲಿಯದೆಂದು ಪಂಡಿತರು ಆಕ್ಷೇಪಿಸಬಹುದು. ಆಕ್ಷೇಪ ಸರಿಯಾದದ್ದೇ. ಆದರೆ ನಾನು ಹಿಡಿಯಬಯಸುವುದು ಅತಿಚಾರದ ಪಟ್ಟಿಯ ಹಿಂದಿರುವ ವಿವೇಕವನ್ನು. ದೇಹ ಒಂದು ಕಡೆ ಕುಳಿತಿದ್ದು ಸಂಕಲ್ಪ ಇನ್ನೊಂದು ಕಡೆ ಕೆಲಸ ಮಾಡಬಲ್ಲುದೆಂದೂ, ಸಂಕಲ್ಪ ಎಲ್ಲಿ ಫಲಿಸಿತೋ ಅಲ್ಲಿನ ಹೊಣೆಯಿಂದ ‘ನಾನು ಅಲ್ಲಿರಲಿಲ್ಲ’ ಎಂಬ ನೆಪದಿಂದ ತಪ್ಪಿಸಿಕೊಳ್ಳಲಾಗದೆಂದೂ ಅವರು ತಂತಿ, ಟೆಲಿಫೋನುಗಳಿಲ್ಲದ ಕಾಲದಲ್ಲಿಯೇ ಕಂಡಿದ್ದರು.

ಇನ್ನು ಕೆಲಸದವರ ಕಡೆಗೆ ನೋಡೋಣ. ಬೇಸಗೆಯಲ್ಲಿ ಲಿಸ್ಬನ್ನಿನ ಸಂಜೆ ಐದು ಗಂಟೆಯೆಂದರೆ ನಮಗೆ ರಾತ್ರಿ ಒಂಬತ್ತೂವರೆ. ಕ್ಯಾಲಿಫೋರ್ನಿಯದ ಬೆಳಗಿನ ಒಂಬತ್ತೂ ನಮ್ಮ ರಾತ್ರಿಯ ಒಂಬತ್ತೂವರೆಯೇ! ಒಡೆಯ ಭೂಗೋಳದ ಯಾವ ಮಗ್ಗುಲಲ್ಲಿದ್ದರೂ ಸಭೆ ಸೇರುವುದು ಇಲ್ಲಿಯವರ ರಾತ್ರಿಯಲ್ಲಿಯೇ. ಸೂರ್ಯಾಸ್ತಕ್ಕೆ ಮೊದಲೇ ಊಟ ಮುಗಿಸುವ ಮನೆಯಲ್ಲಿ ಬೆಳೆದ ಹುಡುಗ ಹತ್ತೂವರೆಗೆ ಸಭೆ ಮುಗಿಸಿ ಆಮೇಲೆ ತಟ್ಟೆಯ ಮುಂದೆ ಕುಳಿತುಕೊಳ್ಳುತ್ತಾನೆ. ರಾತ್ರಿಭೋಜನ ತ್ಯಾಗವನ್ನು ಬಿಟ್ಟನೆಂದು ಅವನ ತಾಯಿ ಅವನನ್ನೇ ಬೈಯುತ್ತಾಳೆ. ಬಿಡಿಸಿದವನು ಬೇರೆ. ಅಹಿಂಸಾಣುವ್ರತದ ಐದು ಅತಿಚಾರಗಳಲ್ಲಿ ಅತಿಭಾರಾರೋಪಣವೂ ಅನ್ನಪಾನನಿರೋಧವೂ ಸೇರಿವೆ. ಅವನ್ನು ನಾವು ಎತ್ತು ಕತ್ತೆಗಳ ಮಾತೆಂದು ಓದಿ ಮುಂದೆ ಹೋಗುತ್ತೇವೆ. ಹೊರೆ ಹೆಚ್ಚಾದ ಎತ್ತು ದಾರಿಯಲ್ಲಿಯೇ ಕುಸಿದು ಮಲಗುತ್ತದೆ, ಒಡೆಯನಿಗೆ ಕಾಣುತ್ತದೆ. ಅಂಗೈಯಗಲದ ಪರದೆಯಲ್ಲಿ ನೌಕರನ ಮುಖವಷ್ಟೇ ಕಾಣುತ್ತದೆ, ಅದೂ ಅವನು ನಗುತ್ತಿರುವಾಗ.

ಜೈನ ವರ್ತಕರು ಹಿಂದಿನಿಂದಲೂ ದೂರದೂರದ ಊರುಗಳಲ್ಲಿ ಅಂಗಡಿಗಳನ್ನಿಟ್ಟು ಗುಮಾಸ್ತರ ಮೂಲಕ ನಡೆಸಿದವರಲ್ಲವೆ ಎಂಬ ಪ್ರಶ್ನೆ ಬರುತ್ತದೆ. ಹೌದು, ನಡೆಸಿದರು. ಆದರೆ ಆ ಗುಮಾಸ್ತನ ಕೈಯಲ್ಲಿ ಪೆಟ್ಟಿಗೆಯ ಬೀಗದಕೈ ಇರುತ್ತಿತ್ತು. ಮಾಲು ಬಂದ ಹೊತ್ತಿಗೆ ಬೆಲೆ ಗೊತ್ತುಮಾಡುವ, ಸಾಲ ಕೊಡುವ, ನಿರಾಕರಿಸುವ ಅಧಿಕಾರ ಅವನದು. ಅವನ ಮಾತು ಸಾಹುಕಾರನ ಮಾತಾಗಿತ್ತು. ಇಂದು ದೊಡ್ಡ ದೊಡ್ಡ ಪದವಿಯ ಹೆಸರನ್ನು ಹೊತ್ತ ವ್ಯವಸ್ಥಾಪಕ ತಿಂಗಳ ಸಂಬಳವನ್ನು ಬಟವಾಡೆ ಮಾಡಲಾರ, ಏಕೆಂದರೆ ಬ್ಯಾಂಕಿನ ಒಟಿಪಿ ಬರುವುದು ಒಡೆಯನ ಮೊಬೈಲಿಗೆ, ಒಡೆಯ ವಿಮಾನದಲ್ಲಿದ್ದಾನೆ. ಹಿಂದಿನವರು ದೂರಕ್ಕೆ ಅಧಿಕಾರವನ್ನು ಕಳುಹಿಸಿದರು. ಇಂದಿನವರು ತಾವೇ ದೂರ ಹೋಗುತ್ತಾರೆ, ಅಧಿಕಾರವನ್ನೂ ಚೀಲದಲ್ಲಿ ಹಾಕಿಕೊಂಡು.

ಕಾನೂನು ಒಂದು ಎಲ್ಲೆಯನ್ನು ಹಾಕಿದೆ. 2013ರ ಕಂಪನಿ ಕಾಯ್ದೆಯ 149ನೆಯ ಕಲಮಿನಂತೆ ಪ್ರತಿ ಕಂಪನಿಯ ಒಬ್ಬ ನಿರ್ದೇಶಕನಾದರೂ ವರ್ಷದಲ್ಲಿ 182 ದಿನ ಭಾರತದಲ್ಲಿರಬೇಕು. ವಾರ್ಷಿಕ ಲೆಕ್ಕಪತ್ರದ ಅಂಗೀಕಾರದಂಥ ಕೆಲವು ವಿಷಯಗಳನ್ನು ವಿಡಿಯೋ ಸಭೆಯಲ್ಲಿ ತೀರ್ಮಾನಿಸಬಾರದೆಂಬ ನಿಯಮವೂ ಇತ್ತು, 2021ರ ಜೂನಿನಲ್ಲಿ ಅದನ್ನು ತೆಗೆದುಹಾಕಲಾಯಿತು. ಉಳಿದ 182 ದಿನದ ನಿಯಮಕ್ಕೆ ಉಪಾಯವೇನು? ಊರಿನ ಅಂಗಡಿಯಲ್ಲಿ ಕುಳಿತಿರುವ ತಂದೆಯ ಹೆಸರು! ಮಗ ತೋರಿಸಿದ ಕಡೆ ಸಹಿ ಹಾಕುವ ತಂದೆಯರು ಒಂದು ಮಾತು ತಿಳಿದಿರಲಿ: ಖಾಸಗಿ ಕಂಪನಿಯ ತೆರಿಗೆ ಬಾಕಿ ಕಂಪನಿಯಿಂದ ವಸೂಲಾಗದಿದ್ದರೆ ನಿರ್ದೇಶಕರಿಂದಲೇ ವಸೂಲು ಮಾಡುವ ಅವಕಾಶ ಕಾನೂನಿನಲ್ಲಿದೆ. ಮಗ ವಿಮಾನವೇರಿದ ಮೇಲೆ ನೋಟೀಸು ಬರುವುದು ಅಂಗಡಿಯ ಬಾಗಿಲಿಗೆ.

ಇವೆಲ್ಲ ಊಹೆಯ ಭಯಗಳೆನ್ನುವವರು ಬೆಂಗಳೂರಿನ ಬೈಜೂಸ್ ಕಂಪನಿಯನ್ನು ನೆನೆಯಬಹುದು. 2022ರಲ್ಲಿ 22 ಶತಕೋಟಿ ಡಾಲರ್ ಬೆಲೆಯದೆನಿಸಿದ್ದ ಅದು 2024ರ ಜುಲೈ 16ರಂದು ದಿವಾಳಿ ಪ್ರಕ್ರಿಯೆಗೆ ಒಳಪಟ್ಟಿತು. ಅದೇ ಅಕ್ಟೋಬರಿನಲ್ಲಿ ಸಂಸ್ಥಾಪಕರು ಪತ್ರಕರ್ತರೊಡನೆ ಮಾತನಾಡಿದ್ದು ದುಬೈನಿಂದ, ವಿಡಿಯೋ ಮೂಲಕ. ತಂದೆಯ ಚಿಕಿತ್ಸೆಗಾಗಿ ಅಲ್ಲಿಗೆ ಬಂದೆನೆಂದು ಅವರು ಹೇಳಿದರು. ಆ ಮಾತನ್ನು ಹಗುರವಾಗಿ ಕಾಣುವುದು ನಮಗೆ ತರವಲ್ಲ, ಕಂಪನಿ ಬಿದ್ದದ್ದಕ್ಕೆ ಕಾರಣಗಳೂ ಬೇರೆ ಬೇರೆ. ಆದರೂ ಸಂಬಳ ತಡವಾದ ನೌಕರನಿಗೆ ಎದುರು ಕುಳಿತು ಕೇಳಲು ಒಡೆಯನೊಬ್ಬ ಬೇಕು.

ದೂರದಿಂದ ನಡೆಯುವ ಉದ್ಯಮ ನಮ್ಮ ಸೀಮೆಗೂ ಬಂದಿದೆ. ಪಾವಗಡದ ತಿರುಮಣಿಯ ಸುತ್ತ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟ್ ಸೌರ ವಿದ್ಯುತ್ ತಯಾರಾಗುತ್ತದೆ. ಫಿನ್‌ಲೆಂಡಿನ ಫೋರ್ಟಮ್ ಕಂಪನಿ ಕೂಡ ಅಲ್ಲಿ ಘಟಕ ಹಾಕಿತ್ತು. ಜಮೀನು ಕೊಟ್ಟ ರೈತನ ಕೈಯಲ್ಲಿ ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಆರಂಭವಾಗುವ ಗುತ್ತಿಗೆಯ ಕಾಗದವಿದೆ. ಒಡೆಯ ಫಿನ್‌ಲೆಂಡಿನಲ್ಲಿದ್ದರೂ ಕಾಗದ ಇಲ್ಲಿದೆ. ಆ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದ ಭೂಹೀನರ ಕೈಯಲ್ಲಿ ಕಾಗದವಿರಲಿಲ್ಲ, ಕೆಲಸವೂ ಹೋಯಿತು. ಕಂಪನಿಯ ನೌಕರನನ್ನು ಈ ಇಬ್ಬರಲ್ಲಿ ಯಾರ ಸಾಲಿನಲ್ಲಿ ನಿಲ್ಲಿಸಿದ್ದೇವೆಂದು ಪ್ರತಿಯೊಬ್ಬ ಸಂಚಾರಿ ಒಡೆಯನೂ ಹೇಳಲಿ.

ಮುನಿಗಳೂ ವಿಹಾರ ಮಾಡುವುದಿಲ್ಲವೆ ಎಂದು ಕುಚೋದ್ಯ ಮಾಡುವವರುಂಟು. ಮುನಿ ಪಿಂಛಿ ಕಮಂಡಲಗಳೊಡನೆ ಹೊರಟರೆ ಹಿಂದೆ ಅವನ ಆಜ್ಞೆಗೆ ಕಾದು ಕುಳಿತ ಐವತ್ತು ಜನರಿರುವುದಿಲ್ಲ. ಅಂಥ ಅಪರಿಗ್ರಹಿಯೇ ಮಳೆಗಾಲದಲ್ಲಿ ಜೀವಹಿಂಸೆ ತಪ್ಪಿಸಲೆಂದು ಚಾತುರ್ಮಾಸದಲ್ಲಿ ಒಂದೆಡೆ ನಿಲ್ಲುತ್ತಾನೆ. ಐವತ್ತು ಮನೆಗಳ ಅನ್ನವನ್ನು ಕೈಯಲ್ಲಿ ಹಿಡಿದವನು ವರ್ಷಕ್ಕೆ ನಾಲ್ಕು ತಿಂಗಳು ತನ್ನ ಕಚೇರಿಯಲ್ಲಿ ಕುಳಿತರೆ ಅವನ ಸ್ವಾತಂತ್ರ್ಯಕ್ಕೆ ಭಂಗವೆ? ಉಳಿದ ಎಂಟು ತಿಂಗಳು ಹೋಗಲಿ. ಹೋಗುವ ಮೊದಲು ಸಹಿಯ ಅಧಿಕಾರವನ್ನು ಇಲ್ಲಿರುವ ಒಬ್ಬರಿಗೆ ಬರೆದುಕೊಟ್ಟು ಹೋಗಲಿ, ಇಲ್ಲಿಯ ಸಂಜೆ ಏಳರ ನಂತರ ಯಾರನ್ನೂ ಕರೆಯದಿರಲಿ. ಮನೆಯಿಂದಲೇ ಕೆಲಸ ಮಾಡುವ ನೌಕರನ ಮೇಲೆ ನನ್ನ ಆಕ್ಷೇಪವೇನೂ ಇಲ್ಲ. 2020ರ ನಂತರ ಮಧುಗಿರಿಯ ಮನೆಯಲ್ಲಿಯೇ ಕುಳಿತು ದುಡಿಯುವ, ವೃದ್ಧ ತಂದೆತಾಯಿಗಳನ್ನು ನೋಡಿಕೊಳ್ಳುವ ಮಕ್ಕಳಿದ್ದಾರೆ. ಎಲ್ಲೆ ಬೇಕಾದದ್ದು ಆಜ್ಞೆ ಮಾಡುವವನಿಗೆ.

ನಮ್ಮ ಟ್ರಸ್ಟುಗಳು ಇದನ್ನು ಹೇಳುವ ಮೊದಲು ತಮ್ಮ ಮನೆಯನ್ನೂ ನೋಡಿಕೊಳ್ಳಬೇಕು. ಬಸದಿ ಈ ಊರಿನಲ್ಲಿ, ಧರ್ಮದರ್ಶಿ ಬೆಂಗಳೂರಿನಲ್ಲೋ ನ್ಯೂಜೆರ್ಸಿಯಲ್ಲೋ, ಸಭೆ ಮೊಬೈಲಿನಲ್ಲಿ. ಸೂರು ಸೋರುತ್ತಿದೆಯೆಂದು ಅರ್ಚಕರು ಫೋಟೋ ತೆಗೆದು ಕಳುಹಿಸಬೇಕು, ‘ನೋಡೋಣ’ ಎಂಬ ಉತ್ತರಕ್ಕೆ ಕಾಯಬೇಕು. ಮುಂದಿನ ವಾರ್ಷಿಕ ಸಭೆಯಲ್ಲಿ ಪ್ರತಿಯೊಬ್ಬ ಧರ್ಮದರ್ಶಿಯೂ ಕಳೆದ ವರ್ಷ ಎಷ್ಟು ದಿನ ಊರಿನಲ್ಲಿದ್ದರೆಂಬ ಪಟ್ಟಿಯನ್ನು ಲೆಕ್ಕಪತ್ರದ ಜೊತೆಗೇ ಓದಲಿ. ಅವರಿಲ್ಲದ ದಿನಗಳಲ್ಲಿ ಅರ್ಚಕರ ಸಂಬಳದ ಚೆಕ್ಕಿಗೆ ಸಹಿ ಹಾಕಿದವರು ಯಾರೆಂಬುದೂ ಆ ಪಟ್ಟಿಯಲ್ಲಿರಲಿ.