ಸೀಗೆಕಾಯಿಗಿಂತ ಅದರ ಚಿತ್ರವೇ ದುಬಾರಿ

ಶಾಂಪೂ ಮತ್ತು ತಲೆಗೆ ಹಚ್ಚುವ ಎಣ್ಣೆಯ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ 18ರಿಂದ ಶೇ 5ಕ್ಕೆ ಇಳಿಯಿತು. ಅಂಗಡಿಯವನು ಪ್ರಾಮಾಣಿಕನಾಗಿದ್ದರೆ ನೂರು ರೂಪಾಯಿಯ ಸೀಸೆಯಲ್ಲಿ ಹನ್ನೊಂದು ರೂಪಾಯಿ ಉಳಿಯಬೇಕು. ಆದರೆ ಹಿಂದೂಪುರ, ಕಲ್ಯಾಣದುರ್ಗದಂಥ ಊರುಗಳ ಬಚ್ಚಲುಮನೆಯ ಗೂಡಿನಲ್ಲಿ ಇಣುಕಿದರೆ ಆ ಉಳಿತಾಯ ಎಲ್ಲಿ ಕರಗಿತು ಎಂಬುದು ತಿಳಿಯುತ್ತದೆ. ಒಂದು ಸೀಸೆ ಇದ್ದ ಕಡೆ ಈಗ ಈರುಳ್ಳಿ ಶಾಂಪೂ, ಅದಕ್ಕೆ ಜೋಡಿಯಾಗಿ ಕಂಡೀಷನರ್, ರೋಸ್‌ಮೇರಿ ಎಣ್ಣೆ, ಲೋಳೆಸರದ ಜೆಲ್, ಹನಿಹನಿಯಾಗಿ ಬಿಡುವ ಸೀರಮ್. ಎಲ್ಲದರ ಮೇಲೂ ಒಂದೊಂದು ಹಸಿರು ಎಲೆ, ಪಕ್ಕದಲ್ಲಿ ‘ನ್ಯಾಚುರಲ್’ ಎಂಬ ಬರಹ.

ತಲೆಗೂದಲಿಗೆ ಖರ್ಚು ಮಾಡುವುದೇ ತಪ್ಪು ಎಂದು ಯಾರೂ ಹೇಳಬೇಕಿಲ್ಲ. ತಕರಾರು ಇರುವುದು, ದಿನಸಿ ಅಂಗಡಿಯಲ್ಲಿ ಚಿಲ್ಲರೆ ಕಾಸಿಗೆ ಸಿಗುವ ಪದಾರ್ಥದ ಚಿತ್ರವನ್ನು ಸೀಸೆಗೆ ಅಂಟಿಸಿ ಹಲವು ಪಟ್ಟು ಬೆಲೆ ವಸೂಲು ಮಾಡುವ ವ್ಯಾಪಾರದ ಬಗ್ಗೆ. ಆ ಬೆಲೆಯನ್ನು ತಕರಾರಿಲ್ಲದೆ ತೆರುತ್ತಿರುವ ಮನೆಗಳ ಬಗ್ಗೆ ಕೂಡ.

ಈ ಎರಡೂ ಊರುಗಳನ್ನೇ ನೋಡಿ. 2022ರ ಏಪ್ರಿಲ್‌ನಲ್ಲಿ ಆಂಧ್ರದ ಅನಂತಪುರ ಜಿಲ್ಲೆ ಒಡೆದಾಗ ಹಿಂದೂಪುರ ಶ್ರೀ ಸತ್ಯಸಾಯಿ ಜಿಲ್ಲೆಗೆ ಹೋಯಿತು, ಕಲ್ಯಾಣದುರ್ಗ ಅನಂತಪುರದಲ್ಲೇ ಉಳಿಯಿತು. ಗಡಿಯಾಚೆ ಒಂದು ಕಡೆ ಗೌರಿಬಿದನೂರು, ಇನ್ನೊಂದು ಕಡೆ ಪಾವಗಡ. ಮಡಕಶಿರಾ, ಅಮರಾಪುರದ ಸುತ್ತ ಮನೆಮಾತು ಕನ್ನಡವಾದರೆ ಸಂತೆಮಾತು ತೆಲುಗು. ಮಳೆ ಕೈಕೊಡುವ, ಕಡಲೆಕಾಯಿಯನ್ನೇ ನಂಬಿದ ನೆಲ. ಹಿಂದೂಪುರದ ಹುಣಸೆಹಣ್ಣಿನ ಮಾರುಕಟ್ಟೆಗೆ ದೂರದೂರದಿಂದ ವ್ಯಾಪಾರಿಗಳು ಬರುತ್ತಾರೆ. ಒಣಹೊಲಗಳಲ್ಲಿ ಹರಳು ಬೆಳೆಯುತ್ತದೆ. ಸೀಗೆಕಾಯಿ, ಅಂಟುವಾಳ, ಒಣಗಿದ ನೆಲ್ಲಿಚೆಟ್ಟು ಇಂದಿಗೂ ಗ್ರಂದಿಗೆ ಅಂಗಡಿಯಲ್ಲಿ ತೂಕದ ಲೆಕ್ಕದಲ್ಲಿ ಸಿಗುತ್ತವೆ. ಅಂಥ ಊರಿಗೆ ಗುರುಗ್ರಾಮದಿಂದಲೋ ಮುಂಬೈನಿಂದಲೋ ‘ಅಜ್ಜಿಯ ಗುಟ್ಟು’ ಕೊರಿಯರ್‌ನಲ್ಲಿ ಬರುತ್ತಿದೆ.

ಒಂದು ಮನೆಯ ಲೆಕ್ಕ ಹಾಕೋಣ. 399 ರೂಪಾಯಿಯ ಶಾಂಪೂ, ಅಷ್ಟೇ ಬೆಲೆಯ ಕಂಡೀಷನರ್, 449ರ ಎಣ್ಣೆ, 599ರ ಸೀರಮ್: ಒಟ್ಟು 1,846 ರೂಪಾಯಿ. ಉದ್ಯೋಗ ಖಾತರಿ ಯೋಜನೆಯನ್ನು 2006ರ ಫೆಬ್ರುವರಿ 2ರಂದು ದೇಶಕ್ಕೆ ಅರ್ಪಿಸಿದ್ದು ಇದೇ ಅನಂತಪುರ ಜಿಲ್ಲೆಯ ಬಂಡ್ಲಪಲ್ಲಿಯಲ್ಲಿ. ಆ ಯೋಜನೆಯಡಿ 2025–26ಕ್ಕೆ ಆಂಧ್ರದಲ್ಲಿ ನಿಗದಿಯಾದ ದಿನಗೂಲಿ 307 ರೂಪಾಯಿ. ಅಂದರೆ ಆ ನಾಲ್ಕು ಸೀಸೆಗಳ ಬೆಲೆ ಆರು ದಿನ ಮಣ್ಣು ಹೊತ್ತ ಕೂಲಿ. ಕೂಲಿಯವರು ಇವನ್ನೆಲ್ಲಾ ಕೊಳ್ಳುವುದಿಲ್ಲ ಎನ್ನಬಹುದು. ನಾಲ್ಕನ್ನೂ ಕೊಳ್ಳದಿರಬಹುದು, ಮಗಳು ಕಾಲೇಜಿಗೆ ಹೋಗುವ ಮನೆಗೆ ಒಂದಾದರೂ ಬಂದಿರುತ್ತದೆ.

ಫ್ಯಾನ್ಸಿ ಸ್ಟೋರಿನಲ್ಲಿ ಕೇಳಿಬರುವ ಮಾತು ಒಂದೇ: “ತಗೊಳ್ಳಿ ಅಕ್ಕ, ಇದರಲ್ಲಿ ಕೆಮಿಕಲ್ ಇಲ್ಲ.” ಅಕ್ಕ ಸೀಸೆಯನ್ನು ತಿರುಗಿಸಿ ಹಿಂಬದಿ ಓದಿದರೆ ವ್ಯಾಪಾರದ ಅರ್ಧ ಮಾಯೆ ಅಲ್ಲೇ ಬಯಲಾಗುತ್ತದೆ. 2020ರ ಸೌಂದರ್ಯವರ್ಧಕ ನಿಯಮಗಳ ಪ್ರಕಾರ ಶೇ 1ಕ್ಕಿಂತ ಹೆಚ್ಚಿರುವ ಪದಾರ್ಥಗಳನ್ನು ಪ್ರಮಾಣ ಇಳಿಯುವ ಕ್ರಮದಲ್ಲಿ ಬರೆಯಬೇಕು. ಅದಕ್ಕಿಂತ ಕಡಿಮೆ ಇರುವುದೆಲ್ಲ ಕೊನೆಯಲ್ಲಿ. ಸಾಮಾನ್ಯವಾಗಿ ‘ಈರುಳ್ಳಿ’ ಶಾಂಪೂವಿನ ಪಟ್ಟಿಯಲ್ಲಿ ಮೊದಲ ಹೆಸರು ನೀರು. ಎರಡನೆಯದು ನೊರೆ ಬರಿಸುವ ಸೋಡಿಯಂ ಲಾರೆತ್ ಸಲ್ಫೇಟ್ ಅಥವಾ ಅದರ ದಾಯಾದಿ. ಆಮೇಲೆ ಬೀಟೇನ್, ಉಪ್ಪು, ಸಿಲಿಕೋನ್, ಸುಗಂಧ. ಈರುಳ್ಳಿಯ ಸಾರ ಬಾಲದಲ್ಲೆಲ್ಲೋ ಇರುತ್ತದೆ. ಪಟ್ಟಿಯಲ್ಲಿ ಫೀನಾಕ್ಸಿಎಥನಾಲ್ ಎಂಬ ಸಂರಕ್ಷಕ ಕಂಡರೆ ಅದನ್ನೇ ಗಡಿಕಲ್ಲು ಎಂದುಕೊಳ್ಳಬಹುದು. ಅದನ್ನು ಬಳಸಲು ಇರುವ ಮಿತಿಯೇ ಶೇ 1. ಅದರ ಹಿಂದೆ ಸಾಲು ನಿಂತ ಗಿಡಮೂಲಿಕೆಗಳು ಎಷ್ಟೇ ಇರಲಿ, ಒಂದೊಂದೂ ಶೇ 1ಕ್ಕಿಂತ ಹೆಚ್ಚಿರುವುದಿಲ್ಲ.

ನೆಲ್ಲಿಕಾಯಿಯ ಚಿತ್ರ ಹೊತ್ತ ಹಲವು ಎಣ್ಣೆಗಳಲ್ಲಿ ಮೊದಲ ಹೆಸರು ಲಿಕ್ವಿಡ್ ಪ್ಯಾರಾಫಿನ್, ಅಂದರೆ ಪೆಟ್ರೋಲಿಯಂ ಮೂಲದ ಎಣ್ಣೆ. ಅದು ವಿಷವೇನಲ್ಲ, ಕೂದಲಿಗೆ ಹೊಳಪು ಕೊಡುತ್ತದೆ. ಆದರೆ ಗ್ರಾಹಕ ದುಡ್ಡು ಕೊಟ್ಟದ್ದು ನೆಲ್ಲಿಕಾಯಿಗೆ.

ಈರುಳ್ಳಿಯ ಖ್ಯಾತಿಗೂ ಒಂದು ಮೂಲ ಇದೆ. 2002ರಲ್ಲಿ ಬಾಗ್ದಾದಿನ ಚರ್ಮವೈದ್ಯರು ಹಸಿ ಈರುಳ್ಳಿಯ ರಸವನ್ನು ದಿನಕ್ಕೆ ಎರಡು ಬಾರಿ ಹಚ್ಚಿಸಿ ಒಂದು ಪ್ರಯೋಗ ಮಾಡಿದರು. 23 ಮಂದಿಯಲ್ಲಿ 20 ಮಂದಿಗೆ ಆರು ವಾರದಲ್ಲಿ ಕೂದಲು ಮರಳಿತು. ಆದರೆ ಅವರೆಲ್ಲ ಅಲೋಪೀಷಿಯಾ ಏರಿಯೇಟಾ, ಅಂದರೆ ತಲೆಯಲ್ಲಿ ಅಲ್ಲಲ್ಲಿ ಬಿಲ್ಲೆಯಷ್ಟು ಜಾಗ ಬೋಳಾಗುವ ಕಾಯಿಲೆಯವರು. ಬಾಚಣಿಗೆಗೆ ಕೂದಲು ಬರುತ್ತದೆಂದು ಕೊರಗುವವರಿಗೂ ಆ ಪ್ರಯೋಗಕ್ಕೂ ಸಂಬಂಧವಿಲ್ಲ. ಹಚ್ಚಿದ ಎರಡು ನಿಮಿಷದಲ್ಲಿ ಚರಂಡಿ ಸೇರುವ ಶಾಂಪೂಗೂ ಸಂಬಂಧವಿಲ್ಲ. ರೋಸ್‌ಮೇರಿಯ ಕಥೆಯೂ ಹೀಗೇ. 2015ರಲ್ಲಿ ಇರಾನಿನ ಸಂಶೋಧಕರು ಬೋಳಾಗುತ್ತಿದ್ದ ನೂರು ಮಂದಿಯಲ್ಲಿ ಅದನ್ನು ಕೂದಲು ಬೆಳೆಸಲು ಹಚ್ಚುವ ಶೇ 2ರ ಮಿನಾಕ್ಸಿಡಿಲ್ ಔಷಧದ ಜೊತೆ ಹೋಲಿಸಿದರು. ಆರು ತಿಂಗಳಿಗೆ ಎರಡೂ ಗುಂಪಿನಲ್ಲಿ ಸುಧಾರಣೆ ಕಂಡಿತು. ಮೂರು ತಿಂಗಳವರೆಗೆ ಎರಡರಲ್ಲೂ ಗಣನೀಯ ಬದಲಾವಣೆ ಇರಲಿಲ್ಲ. ಮೂವತ್ತೇ ದಿನದಲ್ಲಿ ಫಲ ಎನ್ನುವ ರೀಲ್ಸ್‌ಗಳು ಯಾವ ಪುರಾವೆ ಮೇಲೆ ನಿಂತಿವೆ?

ಪುರಾವೆಯ ವಿಷಯಕ್ಕೆ ಬಂದರೆ ಬಡಪಾಯಿ ಕೊಬ್ಬರಿ ಎಣ್ಣೆಯೇ ಮುಂದು. ತೊಳೆಯುವಾಗ ಕೂದಲಿನಿಂದ ಪ್ರೋಟೀನ್ ಸೋರುವುದನ್ನು ಅದು ತಡೆಯುತ್ತದೆ, ಸೂರ್ಯಕಾಂತಿ ಮತ್ತು ಖನಿಜ ಎಣ್ಣೆಗಳು ಅಷ್ಟು ತಡೆಯುವುದಿಲ್ಲ ಎಂದು 2003ರಲ್ಲಿ ಪ್ರಕಟವಾದ ಅಧ್ಯಯನ ಹೇಳಿತು. ಅಧ್ಯಯನ ಮಾಡಿದವರು ಕೊಬ್ಬರಿ ಎಣ್ಣೆ ಮಾರುವ ಮಾರಿಕೊ ಕಂಪನಿಯವರೇ ಎಂಬುದನ್ನೂ ನೆನಪಿಡಬೇಕು. ಸಣ್ಣ ಸೀಸೆಯ ಕೊಬ್ಬರಿ ಎಣ್ಣೆ ಅಡುಗೆಗೋ ತಲೆಗೋ ಎಂಬ ತೆರಿಗೆ ವ್ಯಾಜ್ಯ ಸುಪ್ರೀಂ ಕೋರ್ಟ್‌ವರೆಗೆ ಹೋಗಿ, ಸೀಸೆ ಸಣ್ಣದೆಂಬ ಒಂದೇ ಕಾರಣಕ್ಕೆ ಅದು ಕೇಶತೈಲವಾಗುವುದಿಲ್ಲ ಎಂದು 2024ರ ಡಿಸೆಂಬರ್ 18ರಂದು ತೀರ್ಪು ಬಂತು. ಅಡುಗೆಮನೆಯ ಡಬ್ಬಿಯಲ್ಲಿರುವುದೇ ತಲೆಗೂ ಸಾಕು ಎಂಬುದಕ್ಕೆ ಇನ್ನೇನು ಬೇಕು?

ಪುರಾವೆಗಿಂತ ಖ್ಯಾತಿಯೇ ಮುಂದೆ ಓಡುವುದಕ್ಕೆ ಕರ್ನಾಟಕದಲ್ಲೇ ಒಂದು ದೊಡ್ಡ ಉದಾಹರಣೆ ಇದೆ. ಹುಣಸೂರು ತಾಲ್ಲೂಕಿನ ಪಕ್ಷಿರಾಜಪುರದ ಹಕ್ಕಿಪಿಕ್ಕಿ ಜನ ತಯಾರಿಸುವ ‘ಆದಿವಾಸಿ ಹೇರ್ ಆಯಿಲ್’ ಈಗ ದೇಶವಿಡೀ ಹೆಸರು ಮಾಡಿದೆ. ಮಂಡಿ ದಾಟುವ ಜಡೆ ಇಳಿಬಿಟ್ಟ ಗಂಡಸರು, ಹೆಂಗಸರು ವಿಡಿಯೊಗಳಲ್ಲಿ ನಿಲ್ಲುತ್ತಾರೆ. ಮುಂಬೈನ ಹೆಸರಾಂತ ಮುಖಗಳು ಪಕ್ಕದಲ್ಲಿ ನಿಂತು ಹೊಗಳುತ್ತವೆ. ಬೇಟೆಗೆ ಕಾನೂನು ಅಡ್ಡ ಬಂದ ಮೇಲೆ ಎಣ್ಣೆ, ಬೇರು, ನಾರು ಮಾರಿ ಬದುಕು ಕಟ್ಟಿಕೊಂಡ ಸಮುದಾಯ ಇದು. ವ್ಯಾಪಾರಕ್ಕಾಗಿ ಆಫ್ರಿಕಾಕ್ಕೂ ಹೋದವರು; 2023ರ ಏಪ್ರಿಲ್‌ನಲ್ಲಿ ಸುಡಾನಿನ ಕಾಳಗದ ನಡುವೆ ಸಿಕ್ಕಿಬಿದ್ದು ಸುದ್ದಿಯಾದವರು. ಅವರ ದುಡಿಮೆಯನ್ನು ಹಳಿಯುವುದು ಸಲ್ಲದು. ಆದರೆ ಲೀಟರಿಗೆ ಸಾವಿರಗಟ್ಟಲೆ ಕೊಡುವ ಮುಂಚೆ ಒಂದು ಪ್ರಶ್ನೆ ಕೇಳಲೇಬೇಕು. ಆ ಜಡೆ ಎಣ್ಣೆಯಿಂದ ಬಂದದ್ದೋ, ವಂಶದಿಂದಲೋ, ಕತ್ತರಿ ತಾಗದೆ ಬೆಳೆಸಿದ್ದರಿಂದಲೋ? ಹೆಸರು ಓಡುತ್ತಿದೆ ಎಂದು ಅದೇ ಲೇಬಲ್ ಅಂಟಿಸಿ ಮಾರುವ ನಕಲಿಗಳಂತೂ ಬೇರೆಯೇ ಪಿಡುಗು.

ಕೂದಲು ಬೆಳೆಯಲು ಎಣ್ಣೆ ಬೇಕೇ ಬೇಕೆಂಬ ನಂಬಿಕೆಗೆ ಉತ್ತರ ತಿರುಮಲದಲ್ಲೂ ಕದಿರಿಯಲ್ಲೂ ಇದೆ. ಈ ಸೀಮೆಯಲ್ಲಿ ಮುಡಿ ಕೊಡದ ಮನೆ ಅಪರೂಪ. ನುಣ್ಣಗೆ ಬೋಳಿಸಿದ ತಲೆಯಲ್ಲಿ ಕೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರಿನಂತೆ ತಾನಾಗಿ ಬರುತ್ತದೆ. ಚರ್ಮದ ಹೊರಗೆ ಕಾಣುವ ಎಳೆಗೆ ಜೀವವಿಲ್ಲ. ಬೆಳವಣಿಗೆಯೆಲ್ಲ ಒಳಗಿನ ಬುಡದಲ್ಲಿ, ರಕ್ತ ತಂದುಕೊಡುವ ಪೋಷಣೆಯಿಂದ.

ಉದುರುವಿಕೆಯ ಖರ್ಚು ದಾರಿ ತಪ್ಪುವುದು ಇಲ್ಲೇ. ದಿನಕ್ಕೆ ಐವತ್ತರಿಂದ ನೂರು ಕೂದಲು ಬೀಳುವುದು ಸಹಜ. ಡೆಂಗಿ, ಟೈಫಾಯ್ಡ್, ಹೆರಿಗೆ, ದೊಡ್ಡ ಚಿಂತೆ, ಇವುಗಳಲ್ಲಿ ಯಾವುದಾದರೂ ಆದ ಎರಡು ಮೂರು ತಿಂಗಳಿಗೆ ಮುಷ್ಟಿಮುಷ್ಟಿ ಉದುರಿ, ಸಾಮಾನ್ಯವಾಗಿ ಆರು ತಿಂಗಳಲ್ಲಿ ತಾನಾಗಿ ನಿಲ್ಲುತ್ತದೆ. ಆ ಹೊತ್ತಿಗೆ ಕೈಯಲ್ಲಿದ್ದ ಸೀಸೆಗೆ ಕೀರ್ತಿ ಸಲ್ಲುತ್ತದೆ. ಥೈರಾಯ್ಡ್ ತೊಂದರೆ, ಕಬ್ಬಿಣಾಂಶದ ಕೊರತೆ ಇನ್ನೆರಡು ಮುಖ್ಯ ಕಾರಣ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಆಂಧ್ರದಲ್ಲಿ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಶೇ 58.8 ಮಂದಿಗೆ ರಕ್ತಹೀನತೆ; ಕರ್ನಾಟಕದಲ್ಲಿ ಶೇ 47.8. ಹಿಮೋಗ್ಲೋಬಿನ್ ಪರೀಕ್ಷೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಪುಕ್ಕಟೆ, ಕಬ್ಬಿಣದ ಮಾತ್ರೆಯೂ ಪುಕ್ಕಟೆ. 449 ರೂಪಾಯಿಯ ಎಣ್ಣೆಗಿಂತ ಮೊದಲು ಆಗಬೇಕಾದದ್ದು ಆ ಪರೀಕ್ಷೆ. ಸೊಪ್ಪು, ಮೊಟ್ಟೆ, ಬೇಳೆಕಾಳು, ಕಡಲೆಕಾಯಿ ಕೊಳ್ಳಲು ಅದೇ ದುಡ್ಡು ಒದಗೀತು.

ನೀರಿನ ಪಾತ್ರವೂ ಇದೆ. ಬೋರ್‌ವೆಲ್ ಆಳಕ್ಕಿಳಿದಷ್ಟೂ ನೀರು ಗಡಸು. ಗಡಸು ನೀರಲ್ಲಿ ಸೋಪು ಉಜ್ಜಿದರೆ ಬಿಳಿ ಜಿಡ್ಡು ಕಟ್ಟಿ ಕೂದಲು ಕತ್ತದ ನಾರಿನಂತಾಗುತ್ತದೆ. ‘ಡ್ಯಾಮೇಜ್’ ಎಂದು ಹೆದರಿ ಸೀರಮ್ ಕೊಳ್ಳುವ ಮೊದಲು ಕೊನೆಯ ಎರಡು ಚೊಂಬು ಕುಡಿಯುವ ನೀರಿನಿಂದಲೋ ಹಿಡಿದಿಟ್ಟ ಮಳೆನೀರಿನಿಂದಲೋ ತೊಳೆದು ನೋಡಬಹುದು. ಅಂಟುವಾಳದ ನೊರೆಗೆ ಗಡಸು ನೀರಿನ ಹಂಗು ಅಷ್ಟಿಲ್ಲ. ಬೀಜ ತೆಗೆದ ಏಳೆಂಟು ಕಾಯಿಯ ಸಿಪ್ಪೆಯನ್ನು ರಾತ್ರಿ ಬಿಸಿನೀರಿನಲ್ಲಿ ನೆನೆಹಾಕಿ, ಬೆಳಿಗ್ಗೆ ಕಿವುಚಿ ಬಟ್ಟೆಯಲ್ಲಿ ಸೋಸಿದರೆ ಒಂದು ತಲೆಗೆ ಸಾಕು. ಕಣ್ಣಿಗೆ ಬಿದ್ದರೆ ಉರಿ ಖಂಡಿತ, ಅತಿಯಾದರೆ ಕೂದಲು ಒಣಗುತ್ತದೆ. ಮೆಂತ್ಯದ ಲೋಳೆ, ದಾಸವಾಳದ ಸೊಪ್ಪು ಅದಕ್ಕೇ ಜೊತೆಯಾದದ್ದು.

ಹೊತ್ತು ಎಲ್ಲಿದೆ ಎಂಬ ಪ್ರಶ್ನೆ ನ್ಯಾಯವಾದದ್ದೇ. ಹಿಂದೂಪುರದ ಬಳಿಯ ತೂಮುಕುಂಟ, ಗೊಲ್ಲಾಪುರದ ಕಾರ್ಖಾನೆಗಳಿಗೆ ಪಾಳಿಯ ಮೇಲೆ ಹೋಗುವ ಹೆಣ್ಣುಮಕ್ಕಳಿಗೆ ಅಂಟುವಾಳ ಕಿವುಚು ಎಂದು ಉಪದೇಶಿಸುವುದು ಸುಲಭ. ಅವರಿಗೆ ಒಂದು ರೂಪಾಯಿಯ ಸ್ಯಾಶೆಯೇ ಜಾಣತನದ ಆಯ್ಕೆ. ಕಡಲೂರಿನ ಚಿನ್ನಿಕೃಷ್ಣನ್ ಶಾಂಪೂವನ್ನು ಸಣ್ಣ ಪೊಟ್ಟಣಕ್ಕೆ ಇಳಿಸಿದರು. ಅವರ ಮಗ ಸಿ.ಕೆ. ರಂಗನಾಥನ್ 1983ರಲ್ಲಿ ಚಿಕ್ ಶಾಂಪೂವಿನೊಂದಿಗೆ ಅದನ್ನು ಹಳ್ಳಿಹಳ್ಳಿಗೆ ಮುಟ್ಟಿಸಿದರು. ಮಿಲಿಲೀಟರ್ ಲೆಕ್ಕ ಹಾಕಿದರೆ ಅದೇ ಬ್ರ್ಯಾಂಡಿನ ದೊಡ್ಡ ಸೀಸೆಗಿಂತ ಸ್ಯಾಶೆ ಅಗ್ಗವಾಗಿರುವುದು ನಮ್ಮ ದೇಶದಲ್ಲಿ ಸಾಮಾನ್ಯ. ಅದರ ಪ್ಲಾಸ್ಟಿಕ್ ಚರಂಡಿ ಕಟ್ಟುತ್ತದೆ ಎಂಬ ದೂರು ನಿಜ. ಅದಕ್ಕೆ ಉತ್ತರ ಕೊಡಬೇಕಾದದ್ದು ಕಂಪನಿಗಳು.

‘ಹೆಂಗಸರ ಶೋಕಿ’ ಎಂದು ಮೂಗು ಮುರಿಯುವವರಿಗೂ ಒಂದು ಮಾತು. ನೆತ್ತಿ ಕಾಣತೊಡಗಿದ ಇಪ್ಪತ್ತೈದರ ಹುಡುಗರು ರಾತ್ರೋರಾತ್ರಿ ಆರ್ಡರ್ ಮಾಡುವ ಕಿಟ್‌ಗಳ ಬೆಲೆ ಇದಕ್ಕಿಂತ ಜಾಸ್ತಿ. ವಂಶಪಾರಂಪರ್ಯದ ಬೋಳಿಗೆ ವೈದ್ಯರ ಚಿಕಿತ್ಸೆ ಇದೆ. ಅದನ್ನು ಬಿಟ್ಟು ಗಿಡಮೂಲಿಕೆಯ ಸೀಸೆ ಬದಲಿಸುತ್ತಾ ಹೋದರೆ ದುಡ್ಡಿನ ಜೊತೆ ಕಾಲವೂ ಕೈಬಿಡುತ್ತದೆ.

‘ಸಹಜ’ ಎಂಬ ಹಣೆಪಟ್ಟಿ ಜೇಬಿನ ಜೊತೆ ಚರ್ಮವನ್ನೂ ಸುಟ್ಟೀತು. ಬರೀ ಮೆಹಂದಿ ಸೊಪ್ಪು ಕೊಡುವುದು ಕೆಂಪು ಛಾಯೆ ಮಾತ್ರ. ಅರ್ಧ ಗಂಟೆಯಲ್ಲಿ ಕಡುಕಪ್ಪು ಬರಿಸುವ ‘ಹರ್ಬಲ್’ ಪುಡಿಯಲ್ಲಿ ಪಿಪಿಡಿ ಎಂಬ ರಾಸಾಯನಿಕ ಬಣ್ಣ ಇರುವ ಸಂಭವ ಹೆಚ್ಚು. ಅದು ಒಗ್ಗದವರಿಗೆ ನೆತ್ತಿ ಕೆರೆತ, ಮುಖ ಊತ ಬರುತ್ತದೆ.

ಹಾಗಾದರೆ ಮಾಡಬೇಕಾದದ್ದೇನು? ಮನೆಯಲ್ಲಿ ಮೂರು ವಸ್ತು ಸಾಕು: ಒಂದು ಎಣ್ಣೆ, ಒಂದು ತೊಳೆಯುವ ಪದಾರ್ಥ, ಹಲ್ಲು ಅಗಲವಾದ ಬಾಚಣಿಗೆ. ಹಳೆಯದು ಮುಗಿಯದೆ ಹೊಸ ಸೀಸೆ ಬೇಡ. ಎಂಆರ್‌ಪಿಯ ಪಕ್ಕದಲ್ಲಿ ಈಗ ಒಂದು ಮಿಲಿಲೀಟರಿಗೆ ಇಷ್ಟು ಎಂಬ ದರವೂ ಅಚ್ಚಾಗುತ್ತದೆ. ಒಂದಕ್ಕೊಂದು ಉಚಿತ ಎಂಬ ಆಫರ್ ನೋಡುವ ಮುಂಚೆ ಆ ಅಂಕಿ ನೋಡಬೇಕು. ತಿಂಗಳ ದಿನಸಿ ಚೀಟಿಯಲ್ಲಿ ತಲೆಗೂದಲಿಗೆಂದೇ ಒಂದು ಸಾಲು ಬರೆದರೆ ವರ್ಷದ ಮೊತ್ತ ತಾನಾಗಿ ಕಾಣುತ್ತದೆ.

ಸರ್ಕಾರದ ಪಾಲಿನ ಕೆಲಸವೂ ಇದೆ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2024ರ ಅಕ್ಟೋಬರ್‌ನಲ್ಲಿ ಹೊರಡಿಸಿದ ಮಾರ್ಗಸೂಚಿ, ಪರಿಸರಸ್ನೇಹಿ ಎಂದು ಬಿಂಬಿಸಲು ‘ನ್ಯಾಚುರಲ್’, ‘ಆರ್ಗಾನಿಕ್’, ‘ಪ್ಯೂರ್’ ಎಂಬ ಮಾತುಗಳನ್ನು ತಕ್ಕ ವಿವರಣೆಯಿಲ್ಲದೆ ಬಳಸಬಾರದು ಎನ್ನುತ್ತದೆ. ಕೂದಲು ಬೆಳೆಸುವ ಭರವಸೆಗೂ ಅಷ್ಟೇ ಬಿಗಿ ಬೇಕು. ಹೊಸ ಸೀಸೆಯ ಮುಂಬದಿಯಲ್ಲಿ ಈರುಳ್ಳಿಯದೋ ಸೀಗೆಕಾಯಿಯದೋ ಚಿತ್ರ ಹಾಕಿದವರು ಅದು ಶೇಕಡಾ ಎಷ್ಟಿದೆ ಎಂಬುದನ್ನು ಅದೇ ಚಿತ್ರದ ಕೆಳಗೆ, ತೆಲುಗು ಮತ್ತು ಕನ್ನಡದಲ್ಲಿ ಬರೆಯುವಂತೆ ಕಡ್ಡಾಯ ಮಾಡಲಿ. ಅಲ್ಲಿಯವರೆಗೆ ಸುಳ್ಳು ಜಾಹೀರಾತು ಕಂಡವರು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಕನ್ನಡದಲ್ಲೂ ತೆಲುಗಿನಲ್ಲೂ ದೂರು ದಾಖಲಿಸಿಕೊಳ್ಳುತ್ತಾರೆ.